ಸವೆದರೆ ಉದ್ದ

ಟೇಕಲ್ ರಸ್ತೆಯ ನಮ್ಮ ಶೆಡ್ಡಿಗೆ ಬೆಳಿಗ್ಗೆಯೇ
ಟ್ರ್ಯಾಕ್ಟರಿನ ಹಿಂದೆ ಟ್ರೈಲರು ಏರಿ ಬಂತು ಅದು:
ಎಂಟು ಚಕ್ರ, ಬಾತುಕೋಳಿಯ ಹೊಟ್ಟೆ,
ಸ್ಟೇರಿಂಗ್ ಇಲ್ಲ, ಎರಡೇ ಲಿವರು.
ಎಡದ್ದು ಜಗ್ಗಿದರೆ ಎಡಕ್ಕೆ, ಬಲದ್ದಕ್ಕೆ ಬಲಕ್ಕೆ,
ಎರಡೂ ಜಗ್ಗಿದರೆ ನಿಲ್ಲುತ್ತದೆ, ಜೋಡೆತ್ತಿನ ಹಾಗೆ.
ನೆಲದಲ್ಲೂ ನಡೆಯುತ್ತೆ, ನೀರಲ್ಲೂ ತೇಲುತ್ತೆ.
ಸದ್ಯಕ್ಕೆ ಎರಡೂ ಇಲ್ಲ.

"ಕೆರೆ ನಡುಮಧ್ಯೆ ಕಟಕಟ ಅಂತು, ಆಮೇಲೆ
ಸುತ್ತಿದ್ದಲ್ಲೇ ಸುತ್ತು, ಗಾಣದೆತ್ತು"
ಅಂದ ಡ್ರೈವರ್ ಮುನಿಯೆಲ್ಲಪ್ಪ,
ಪ್ಯಾಂಟು ತೊಡೆಯವರೆಗೆ ಒದ್ದೆ.
ಕೆರೆ ತುಂಬ ಅಂತರಗಂಗೆ ಕಳೆ.
ತಲೆ ಎತ್ತಿದರೆ ಅಂತರಗಂಗೆ ಬೆಟ್ಟ.
ಹೆಸರು ಒಂದೇ. ಒಂದಕ್ಕೆ ಕೈ ಮುಗಿಯುತ್ತಾರೆ,
ಒಂದನ್ನು ಕೀಳಲು ಟೆಂಡರ್ ಕರೆಯುತ್ತಾರೆ.

ನೆಲಹಲಗೆಗೆ ಹದಿನಾಲ್ಕು ಬೋಲ್ಟು. ಮೂರರ ತಲೆ ಸವೆದು
ಪಾನ ಜಾರಿತು; ಉಳಿ ಇಟ್ಟು ಹೊಡೆದೆವು.
ಒಳಗೆ ಕೊಳೆತ ನೀರು, ಬೇರು, ಒಂದು ಸತ್ತ ಏಡಿ,
ಯಾರದೋ ಎಡಗಾಲ ಚಪ್ಪಲಿ.
ದಸ್ತಗೀರ್ ಮಾಮನ ಕೈ ಆ ಸಂದಿಗೆ ಹೋಗುವುದಿಲ್ಲ.
"ಬಳೆ ತೆಗಿ ಶಾಹಿದಾ."
ಬಿಲ್ಲು ಬರೆಯಲು ಸೇರಿದವಳು ನಾನು, ಮೂರು ವರ್ಷದ ಹಿಂದೆ.

ಎಡದ ಚೈನು ಕಡಿದು ಹಾವಿನಂತೆ ತಳದಲ್ಲಿ ಬಿದ್ದಿತ್ತು.
ಸೀಮೆಎಣ್ಣೆಯಲ್ಲಿ ತೊಳೆದು ಗೋಣಿಯ ಮೇಲೆ ಹಾಸಿದೆ,
ಪಕ್ಕಕ್ಕೆ ಹೊಸದು.
ಎಣಿಸಿದೆ: ಇದಕ್ಕೂ ನೂರಾ ಎರಡು ಕೊಂಡಿ, ಅದಕ್ಕೂ ನೂರಾ ಎರಡು.
ಆದರೂ ಹಳೆಯದು ಮೂರು ಬೆರಳು ಉದ್ದ.
ಮತ್ತೆ ಎಣಿಸಿದೆ.
ಮಾಮ ನಕ್ಕ: "ಸಾಬೂನು ಸವೆದರೆ ಸಣ್ಣದು,
ಚಪ್ಪಲಿ ಸವೆದರೆ ತೆಳ್ಳಗೆ.
ಇದೊಂದು ಸವೆದರೆ ಉದ್ದ.
ಪ್ರತಿ ಕೊಂಡಿ ಒಂದು ಕೂದಲೆಳೆ ಸಡಿಲ ಬಿಡುತ್ತೆ,
ಯಾವುದನ್ನ ಕೇಳಿದರೂ ನಾನಲ್ಲ ಅನ್ನುತ್ತೆ."

"ಕಡಿದದ್ದು ಒಂದೇ ತಾನೆ," ಮುನಿಯೆಲ್ಲಪ್ಪ ತಲೆ ಕೆರೆದ,
"ಕಂಟ್ರಾಕ್ಟರು ಒಂದಕ್ಕೇ ದುಡ್ಡು ಕೊಟ್ಟವ್ರೆ."
ಒಂದು ಹೊಸದು, ಒಂದು ಹಳೆಯದು ಹಾಕಿದರೆ
ಬಂಡಿ ಓರೆ ಎಳೆಯುತ್ತೆ, ವಾರದಲ್ಲಿ ಮತ್ತೆ ಇಲ್ಲೇ ಇರ್ತೀಯ:
ಮಾಮ ಇದನ್ನೆಲ್ಲ ಬಾಯಲ್ಲಿ ಹೇಳಲಿಲ್ಲ,
ಎರಡನೇ ಡಬ್ಬ ಒಡೆದು ನನ್ನ ಕೈಗಿಟ್ಟ.

ಬಲದ್ದು ಇನ್ನೂ ಹಲ್ಲುಗಳ ಮೇಲೇ ಇತ್ತು, ಜೋತುಕೊಂಡು.
ಅದರ ಲಾಕು ಬಿಚ್ಚಿ, ಬಾಲಕ್ಕೆ ಹೊಸದನ್ನು
ಕಟ್ಟುಕಂಬಿಯಿಂದ ಕಟ್ಟಿದೆ.
ಹಳೆಯದನ್ನು ಎಳೆದಂತೆ ಎಳೆದಂತೆ ಹೊಸದು ಒಳಹೋಯಿತು,
ನನಗೆ ಕಾಣದ ಆ ಕತ್ತಲೆಯಲ್ಲಿ
ಒಂದೊಂದೇ ಹಲ್ಲು ಹಿಡಿದು, ಆಕ್ಸಲ್ಲು ಬಳಸಿ,
ಈ ಕಡೆ ಬಂದು ಮೂಗು ತೋರಿಸಿತು.
ದಾರಿ ಗೊತ್ತಿದ್ದದ್ದು ಸವೆದದ್ದಕ್ಕೇ.
ಕಂಬಿ ಕತ್ತರಿಸಿದೆ. ಅದು ಬಕೆಟ್ಟಿಗೆ ಬಿತ್ತು.
"ಗೇಟಿಗೆ ಆಗುತ್ತೆ," ಎಂದು ಮುನಿಯೆಲ್ಲಪ್ಪ ಎತ್ತಿಟ್ಟುಕೊಂಡ.

ಕೊನೆಗೆ ಲಾಕಿನ ಕ್ಲಿಪ್ಪು, ಉಗುರಿನಷ್ಟು,
ಮೀನಿನ ಆಕಾರ.
"ಮೀನಿನ ತಲೆ ಚೈನು ಓಡುವ ಕಡೆಗೆ.
ತಿರುಗಿಸಿ ಇಟ್ಟರೆ ಒಂದು ಕಡ್ಡಿ ಸಾಕು ಕಿತ್ತುಕೊಂಡು ಹೋಗೋಕೆ."
ಎರಡೂ ಒತ್ತಿದೆ. ಟಕ್. ಟಕ್.
ಗ್ರೀಸು, ಬೋಲ್ಟು, ಬಿಲ್ಲು.
ಬಿಲ್ಲಿನ ಮೇಲೆ ನನ್ನ ಹೆಬ್ಬೆಟ್ಟು ಮೂಡಿತ್ತು, ಸಹಿಗಿಂತ ಕಪ್ಪಗೆ.

ರಾತ್ರಿ ಎರಡಕ್ಕೆ ಎಚ್ಚರ.
ಎಡಗಡೆಯ ಮೀನು.
ತಲೆ ಯಾವ ಕಡೆ ಇಟ್ಟೆ?
ಚೈನು ಕೆಳಗಿನಿಂದ ಬರುವಾಗ ಒತ್ತಿದೆನೋ, ಮೇಲಿನಿಂದಲೋ;
ಕತ್ತಲಲ್ಲಿ ಬೆರಳು ಮತ್ತೆ ಮತ್ತೆ ಒತ್ತಿತು,
ಪ್ರತಿ ಸಲ ಬೇರೆ ಕಡೆಗೆ.

ಆರಕ್ಕೆ ಸ್ಕೂಟಿ ತೆಗೆದು ಕೆರೆ ಏರಿಗೆ ಹೋದೆ.
ಅದು ಆಗಲೇ ನೀರಲ್ಲಿತ್ತು.
ಮುನಿಯೆಲ್ಲಪ್ಪ ಲಿವರು ಬಿಟ್ಟು ಬೀಡಿ ಹಚ್ಚುತ್ತಿದ್ದ,
ಬಂಡಿ ತನ್ನಷ್ಟಕ್ಕೆ ನೇರ ಹೋಗುತ್ತಿತ್ತು,
ಹಸಿರಿನ ನಡುವೆ ಕಪ್ಪು ನೀರಿನ ಬೈತಲೆ ತೆಗೆಯುತ್ತ.
ಕಿವಿ ಕೊಟ್ಟೆ. ಕಟಕಟ ಇಲ್ಲ.
ಅವನು ಕೈ ಎತ್ತಿದ. ನಾನೂ ಎತ್ತಿದೆ.
ಸದ್ದೇ ಬರಲಿಲ್ಲ.
ಬಳೆ ಶೆಡ್ಡಿನಲ್ಲಿ, ಹಳೇ ಬ್ಯಾಟರಿಯ ಮೇಲೆ.